ನಾಲ್ಕಂಕಿಯ ನಂಬರಿನ ಸಂಪಾದಕರು

೨೦೦೬ನೇ ಇಸವಿ ಫೆಬ್ರವರಿ ಇಪ್ಪತ್ತೆಂಟು, ಮಂಗಳವಾರ, ಸಂಜೆ ಐದೂ ಮುಕ್ಕಾಲು. ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದೆ, ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಕೇಬಲ್ ಚಾನೆಲ್ಲಿನ ಕೋಣೆ. ಹಾಜರಿದ್ದವರು ಮೂವರು: ಸಂಪಾದಕರು, ಅವರ ಅಳಿಯ, ನಾನು. ಸಂಪಾದಕರು ಬಲಗೈ ಹೆಬ್ಬೆರಳನ್ನು ಕಂಪ್ಯೂಟರಿನ ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಸುತ್ತಿದ್ದರು. ಆ ಹೆಬ್ಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲಿ ಅಚ್ಚಿನ ಯಂತ್ರಕ್ಕೆ ಸಿಕ್ಕಿ ತುದಿ ಚಪ್ಪಟೆಯಾಗಿತ್ತು. ಒತ್ತಿದಲ್ಲೆಲ್ಲ ಗಾಜಿನ ಮೇಲೆ ರೊಟ್ಟಿಯಂಥ ಒಂದು ಗುರುತು ಬೀಳುತ್ತಿತ್ತು. ಅದಿರು ಲಾರಿಗಳ ಕೆಂಪು ದೂಳಿನ ಜೊತೆಗೆ ಆ ಗುರುತುಗಳನ್ನೂ ನಾನು ದಿನಕ್ಕೆರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ.

ದಿನ, ಗಂಟೆ ಬರೆದಿಡುವುದು ನನ್ನ ಅಭ್ಯಾಸ. ಮೂವತ್ತೊಂದು ವರ್ಷ ತಾರ್ ಕಚೇರಿಯಲ್ಲಿ ಟೆಲಿಗ್ರಾಂ ಕಳಿಸುವ, ಪಡೆಯುವ ಕೆಲಸ ಮಾಡಿದವಳು ನಾನು. ಬಂದ ಸಮಯ, ಹೋದ ಸಮಯ, ಪದಗಳ ಲೆಕ್ಕ, ಸಹಿ. ನಿವೃತ್ತಳಾದ ಮೂರನೇ ತಿಂಗಳಿಗೆ ಸಂಪಾದಕರು ನಮ್ಮ ಮನೆ ಬಾಗಿಲಿಗೆ ಬಂದು ನಿಂತರು.

‘ಅಕ್ಕಾರ, ಮನಿಯಾಗ ಕುಂತು ಏನ್ ಮಾಡ್ತೀರಿ? ನನ್ ಕಡೆ ದಿನಾ ನೂರಾರು ತಾರು ಬರ್ತಾವ. ಓದಾಕ ಒಬ್ಬರು ಶಿಸ್ತಿನವರು ಬೇಕಾಗ್ಯಾರ.’

ಅವರು ತಾರು ಎಂದದ್ದು ಮೊಬೈಲ್ ಮೆಸೇಜುಗಳನ್ನು. ಸಂಜೆ ಏಳಕ್ಕೆ ಅರ್ಧ ಗಂಟೆ ಊರಿನ ಸುದ್ದಿ, ಅದು ಮುಗಿದ ಮೇಲೆ ಒಂದು ಗಂಟೆ ಹಾಡು. ಹಾಡು ನಡೆಯುವಾಗ ಪರದೆಯ ಕೆಳಗಿನ ಪಟ್ಟಿಯಲ್ಲಿ ಜನರ ಮೆಸೇಜುಗಳು ಓಡುತ್ತಿದ್ದವು. ನಾಲ್ಕಂಕಿಯ ಒಂದು ನಂಬರಿಗೆ ಕಳಿಸಬೇಕು. ಒಂದಕ್ಕೆ ಆರು ರೂಪಾಯಿ. ಮೆಸೇಜುಗಳು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರುತ್ತಿದ್ದವು. ಅವನ್ನು ಕನ್ನಡಕ್ಕೆ ತಿರುಗಿಸಿ, ಬೈಗುಳವಿದ್ದರೆ ತೆಗೆದು ಪಟ್ಟಿಗೆ ಬಿಡುವುದು ನನ್ನ ಕೆಲಸ. ತೋರಣಗಲ್ಲಿನ ಕಾರ್ಖಾನೆಯವರು ಊರಿನ ಗೆಳೆಯರಿಗೆ, ಸಂಡೂರಿನ ಗಣಿಯವರು ಹೊಸದಾಗಿ ಮದುವೆಯಾದ ಹೆಂಡತಿಗೆ, ಕಂಪ್ಲಿಯ ಕಾಲೇಜು ಹುಡುಗಿಯರು ಒಬ್ಬರಿಗೊಬ್ಬರು ಕಳಿಸುತ್ತಿದ್ದರು.

ಆ ಆರು ರೂಪಾಯಿಯಲ್ಲಿ ದೊಡ್ಡ ಪಾಲು ಫೋನ್ ಕಂಪನಿಗೆ ಹೋಗುತ್ತಿತ್ತು. ನಂಬರನ್ನು ಬಾಡಿಗೆಗೆ ಕೊಟ್ಟಿದ್ದ ಬೆಂಗಳೂರಿನ ಕಂಪನಿಗೆ ಇನ್ನೊಂದು ಪಾಲು. ಉಳಿದ ಚೂರು ನಮಗೆ. ಏಳು ಗಂಟೆಯ ಸುದ್ದಿ ನಡೆಯುತ್ತಿದ್ದುದು ಆ ಚೂರುಗಳಿಂದಲೇ.

ಮೊದಮೊದಲು ನನಗೆ ಈ ಕೆಲಸ ಒಗ್ಗಲಿಲ್ಲ. ತಾರ್ ಕಚೇರಿಯಲ್ಲಿ ಜನ ಉದ್ದುದ್ದ ಬರೆದು ತಂದರೆ, ಓದಿ ಹೇಳಿ, ಬೇಡದ ಪದ ಹೊಡೆದುಹಾಕಿ, ಅವರ ಖರ್ಚು ಉಳಿಸುವುದು ನಮ್ಮ ಪದ್ಧತಿ. ಇಲ್ಲಿ ಜನ ಹೆಚ್ಚು ಕಳಿಸಿದಷ್ಟೂ ನಮಗೆ ಒಳ್ಳೆಯದು. ಒಂದು ದಿನ ಇದನ್ನು ಸಂಪಾದಕರಿಗೆ ಹೇಳಿದೆ. ಅವರು ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತಾ, ‘ಖರೇ ಐತಿ ಅಕ್ಕಾರ’ ಎಂದರು. ಒಪ್ಪಿಕೊಂಡ ಮಾತಿಗೆ ಸಮಜಾಯಿಷಿ ಸೇರಿಸುವ ಅಭ್ಯಾಸ ಅವರಿಗಿರಲಿಲ್ಲ.

ಅವರು ಸುದ್ದಿಯನ್ನು ನಿಂತೇ ಓದುತ್ತಿದ್ದರು. ಕುಳಿತು ಓದಿದರೆ ದನಿ ಹೊಟ್ಟೆಯಲ್ಲಿ ಉಳಿಯುತ್ತದಂತೆ. ಕ್ಯಾಮೆರಾಕ್ಕೆ ಕಾಣುವಷ್ಟು ಮಾತ್ರ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳು ಮಿತಿ ಮೀರಿ ತುಂಬಿಕೊಂಡು ಓಡುವುದು, ರಸ್ತೆ ಬದಿಯ ಶಾಲೆಯ ಮಕ್ಕಳು ಮೂಗಿಗೆ ಕರ್ಚೀಪು ಕಟ್ಟಿಕೊಂಡು ಪಾಠ ಕೇಳುವುದು, ಇವನ್ನು ಅವರು ವಾರಕ್ಕೆ ಎರಡು ಸಲವಾದರೂ ತೋರಿಸುತ್ತಿದ್ದರು.

ಆ ವರ್ಷದ ಸಂಕ್ರಾಂತಿ ಮುಗಿದ ಮೇಲೆ ಒಂದು ಗಣಿ ಆಫೀಸಿನ ಮ್ಯಾನೇಜರು ಬಂದಿದ್ದ. ವರ್ಷವಿಡೀ ಜಾಹೀರಾತು ಕೊಡುತ್ತೇವೆ, ಲಾರಿ ಸುದ್ದಿ ಒಂದನ್ನು ಬಿಡಿ ಎಂದ. ಸಂಪಾದಕರು ಅವನಿಗೂ ಬಸಿಯಲ್ಲಿ ಚಹಾ ಕೊಟ್ಟರು.

‘ನಿಮ್ಮ ಧಣಿ ಒಬ್ಬರು. ನನಗ ಸಾವಿರ ಧಣಿಗಳು ಅದಾರ್ರಿ. ಒಬ್ಬೊಬ್ಬರೂ ಆರ್ ಆರ್ ರೂಪಾಯಿ ಧಣಿಗಳು. ಅವರ್ಯಾರೂ ಹಿಂಗ ಮ್ಯಾನೇಜರ್ನ ಕಳಸಂಗಿಲ್ಲ.’

ಮ್ಯಾನೇಜರು ನಗುತ್ತಲೇ ಎದ್ದ. ‘ಮನಸ್ಸು ಬದಲಾದ್ರ ಹೇಳ್ರಿ. ನಾವೇನ್ ಎಲ್ಲಿಗೂ ಹೋಗಂಗಿಲ್ಲ.’

ಫೆಬ್ರವರಿ ಇಪ್ಪತ್ತೆಂಟರ ಸಂಜೆ ನಾವು ಮೂವರೂ ಪರದೆಗೆ ಅಂಟಿಕೊಂಡಿದ್ದಕ್ಕೆ ಕಾರಣವಿತ್ತು. ಬೆಂಗಳೂರಿನ ಕಂಪನಿ ಒಂದು ಕರಾರು ಹಾಕಿತ್ತು: ತಿಂಗಳಿಗೆ ಇಷ್ಟು ಮೆಸೇಜು ಬರಲೇಬೇಕು, ಸತತ ಎರಡು ತಿಂಗಳು ಕಡಿಮೆಯಾದರೆ ನಂಬರು ವಾಪಸ್. ಜನವರಿಯಲ್ಲಿ ಕಡಿಮೆಯಾಗಿತ್ತು. ಫೆಬ್ರವರಿಯ ಕೊನೆಯ ಸಂಜೆ ಇನ್ನೂ ನಲವತ್ತು ಬರಬೇಕಿತ್ತು. ಬಾರದಿದ್ದರೆ ನಂಬರು ಹೋಗುತ್ತದೆ, ನಂಬರಿನ ಹಿಂದೆ ಸುದ್ದಿಯೂ ಹೋಗುತ್ತದೆ.

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಅಳಿಯ ಮಾತ್ರ ನೆಮ್ಮದಿಯಾಗಿದ್ದ. ‘ಚಿಂತಿ ಬ್ಯಾಡ ಮಾವಾರ. ಹಾಡಿನ ಟೈಮಿಗೆ ಹದಿನೈದು ಇಪ್ಪತ್ತು ಬಂದ ಬರ್ತಾವ. ಉಳಿದದ್ದು ಆ ಕಂಪ್ಲಿ ನಂಬರು ಕಳಸ್ತೈತಿ. ದಿನಾ ಇಪ್ಪತ್ತು, ಒಂದಿನಾನೂ ತಪ್ಪಿಲ್ಲ. ಮಸ್ತ್ ಗಿರಾಕಿ.’

ಆ ನಂಬರನ್ನು ನಾನೂ ಗಮನಿಸಿದ್ದೆ. ಹನ್ನೆರಡು ದಿನಗಳಿಂದ ಒಂದೇ ಮೆಸೇಜು, ಒಂದಕ್ಷರವೂ ಬದಲಾಗದೆ: ಲಾರಿಯ ನಂಬರು, ಡ್ರೈವರನ ಹೆಸರು, ‘ಎಲ್ಲಿದ್ದೀರಿ, ಮನೆಗೆ ಫೋನ್ ಮಾಡಿ’. ಒಂದೇ ತಾರನ್ನು ಯಾರೂ ಇಪ್ಪತ್ತು ಸಲ ಕೊಡುವುದಿಲ್ಲ. ಕೊಟ್ಟರೆ, ಅದು ಮುಟ್ಟಿಲ್ಲವೆಂದು ಅರ್ಥ. ಅದನ್ನೇ ಸಂಪಾದಕರಿಗೆ ಹೇಳಿದೆ. ಅವರು ಹೆಬ್ಬೆರಳನ್ನು ಆ ಸಾಲಿನ ಮೇಲೆ ಒತ್ತಿದರು.

‘ಆ ನಂಬರಿಗೆ ಹಚ್ಚೂನು.’

‘ಇವತ್ತೊಂದಿನ ತಡ್ಕೊಳ್ರಿ ಮಾವಾರ,’ ಎಂದ ಅಳಿಯ. ‘ನಾಳೆ ಮುಂಜಾನಿ ನಾನಾ ಹಚ್ಚಿಕೊಡ್ತೀನಿ. ಒಂದ್ ರಾತ್ರಿಯಾಗ ಏನ್ ಲುಕ್ಸಾನಾಗತೈತಿ?’

‘ನಮಗೇನೂ ಆಗಂಗಿಲ್ಲ,’ ಎಂದು ಸಂಪಾದಕರು ಫೋನ್ ತಮ್ಮ ಕಡೆ ಎಳೆದುಕೊಂಡು ಸ್ಪೀಕರ್ ಒತ್ತಿದರು.

ಎತ್ತಿದವಳು ಹೆಂಗಸು. ಆ ಡ್ರೈವರನ ಹೆಂಡತಿ. ಅದಿರು ತುಂಬಿಕೊಂಡು ಕಾರವಾರದ ಕಡೆಯ ಬಂದರಿಗೆ ಹೋದ ಗಂಡನಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್ ಎನ್ನುತ್ತಿದೆ. ಡ್ರೈವರುಗಳೆಲ್ಲ ದಾಬಾದಲ್ಲಿ ನಮ್ಮ ಚಾನೆಲ್ ನೋಡುತ್ತಾರೆಂದು ಕೇಳಿ, ಮೊಬೈಲ್ ಅಂಗಡಿಯವನಿಂದ ಮೆಸೇಜು ಬರೆಸಿಕೊಂಡಿದ್ದಾಳೆ. ಅದನ್ನೇ ತಿರುತಿರುಗಿ ಕಳಿಸುತ್ತಿದ್ದಾಳೆ.

‘ತಾಯಿ, ದಿನಕ್ಕೊಂದು ಕಳಿಸಿದ್ರ ಸಾಕಿತ್ತಲ್ಲ, ಇಷ್ಟ್ಯಾಕ ಕಳಸ್ತೀಯವಾ?’

‘ಉತ್ತರ ಬರ್ತಾವಲ್ರಿ. ಒಂದ್ ಕಳಿಸಿದ್ರ ಒಂದ್ ಬರ್ತೈತಿ. ನಮ್ಮವರು ಯಾರ ಕಡಿಂದನೋ ಇಂಗ್ಲೀಷಿನ್ಯಾಗ ಬರೆಸಿ ಕಳಸ್ತಾರ. ನನಗ ಓದಾಕ ಬರಂಗಿಲ್ಲ. ಬಂತಲ್ಲ, ಅದಾರ ಅಂತ ಸಮಾಧಾನ ಆಗತೈತಿ.’

ಅಳಿಯ ತಲೆ ತಗ್ಗಿಸಿದ. ಆ ಉತ್ತರ ಏನೆಂದು ಮೂವರಿಗೂ ಗೊತ್ತಿತ್ತು. ಮೆಸೇಜು ಮುಟ್ಟಿದ ಕೂಡಲೇ ಕಂಪನಿಯ ಯಂತ್ರ ತಾನಾಗಿಯೇ ಕಳಿಸುವ ಒಂದು ಸಾಲು: ನಿಮ್ಮ ಮೆಸೇಜು ಬಂದಿದೆ, ವಂದನೆಗಳು, ಇನ್ನೊಂದು ಕಳಿಸಿ.

ಸಂಪಾದಕರು ಅದನ್ನು ಸುತ್ತಿ ಬಳಸಿ ಹೇಳಲಿಲ್ಲ. ‘ಅದು ನಿಮ್ಮ ಯಜಮಾನರು ಕಳಸಿದ್ದಲ್ಲ ತಾಯಿ. ಮಿಷಿನ್ನು. ಯಾರು ಕಳಿಸಿದ್ರೂ ಅದನ್ನ ಹೇಳ್ತೈತಿ.’

ಆ ಕಡೆ ಎಲ್ಲೋ ಕುಕ್ಕರ್ ಕೂಗಿ ನಿಂತಿತು. ಆಮೇಲೆ ಅವಳು ಮೆಲ್ಲಗೆ, ‘ಹನ್ನೆರಡು ದಿನ ನಾ ಮಿಷಿನ್ ಜೋಡಿ ಮಾತಾಡೀನೇನ್ರಿ’ ಎಂದಳು.

‘ತಪ್ಪು ನಮ್ದು. ಇನ್ನ ಕಳಸಬ್ಯಾಡ. ಲಾರಿ ನಂಬರು ನಮ್ಮ ಹತ್ರ ಐತಿ, ನಾವು ಕೇಳ್ತೀವಿ.’

ಫೋನ್ ಇಟ್ಟ ಮೇಲೆ ಅಳಿಯ, ‘ಹೋತು ಬಿಡ್ರಿ. ಇನ್ನ ಆ ಮ್ಯಾನೇಜರ್ನ ಕರಸೂದ ಗತಿ’ ಎಂದ.

‘ಕರಸೂದಿದ್ರ ನಾ ಸತ್ತ ಮ್ಯಾಲೆ ಕರಸಪಾ. ಈಗ ಪಟ್ಟಿ ಮ್ಯಾಲ ಒಂದು ಸಾಲು ಹಾಕು. ಅಕ್ಕಾರ, ನೀವು ಬರೀರಿ, ನಾ ಬರೆದ್ರ ಉದ್ದಾಗತೈತಿ.’

ನಾನು ಬರೆದೆ: ‘ಒಂದು ಸಲ ಕಳಿಸಿದರೆ ಸಾಕು. ನಿಮಗೆ ಬರುವ ಉತ್ತರ ಯಂತ್ರದ್ದು.’ ಜನ ಕಳಿಸಿದ ಮೆಸೇಜುಗಳ ನಡುನಡುವೆ ಆ ಸಾಲು ಅಂದು ಸಂಜೆಯಿಂದ ಓಡಿತು.

ಖಾಸಗಿ ವಿಷಯ ಸುದ್ದಿಯಲ್ಲಿ ಬರಬಾರದೆಂಬುದು ಸಂಪಾದಕರದೇ ನಿಯಮ. ತಮ್ಮ ಮಗಳ ಮದುವೆಯ ಹಿಂದಿನ ದಿನವೂ ಅದನ್ನು ಮುರಿದಿರಲಿಲ್ಲ. ಅಂದು ಏಳು ಗಂಟೆಯ ಸುದ್ದಿಯ ಕೊನೆಗೆ ಲಾರಿಯ ನಂಬರು, ಡ್ರೈವರನ ಹೆಸರು ಎರಡು ಸಲ ಓದಿ, ಕಂಡವರು ಚಾನೆಲ್ಲಿನ ಫೋನಿಗೆ ತಿಳಿಸಬೇಕು, ಮೆಸೇಜು ಕಳಿಸಬಾರದು ಎಂದರು. ಅಳಿಯ ಹಣೆ ಚಚ್ಚಿಕೊಂಡ. ನಗುತ್ತಲೂ ಇದ್ದ.

ಹಾಡು ಮುಗಿಯುವ ಹೊತ್ತಿಗೆ ಇಪ್ಪತ್ತೆರಡು ಮೆಸೇಜು ಬಂದಿದ್ದವು. ನಲವತ್ತಾಗಲಿಲ್ಲ.

ಮುಂದಿನದನ್ನು ಚುಟುಕಾಗಿ ಬರೆಯುತ್ತೇನೆ. ಏಪ್ರಿಲ್‌ನಲ್ಲಿ ನಂಬರು ಹೋಯಿತು. ಸುದ್ದಿ ಅರ್ಧ ಗಂಟೆಯಿಂದ ಹತ್ತು ನಿಮಿಷಕ್ಕೆ ಇಳಿಯಿತು, ಕ್ಯಾಮೆರಾದವನು ಬೇರೆ ಕೆಲಸ ಹುಡುಕಿಕೊಂಡ, ಸಂಪಾದಕರು ತಾವೇ ಕ್ಯಾಮೆರಾ ಹೊತ್ತು ಬಸ್ಸಿನಲ್ಲಿ ಸಂಡೂರಿಗೆ ಹೋಗಿ ಬರತೊಡಗಿದರು. ಹಾಗೆ ಒಂದೂವರೆ ವರ್ಷ ನಡೆಸಿ, ಚಾನೆಲ್ಲನ್ನು ಬಳ್ಳಾರಿಯ ಒಬ್ಬ ಕೇಬಲ್ಲಿನವರಿಗೆ ಕೊಟ್ಟುಬಿಟ್ಟರು. ಮ್ಯಾನೇಜರನ್ನು ಕರೆಸಲಿಲ್ಲ. ನನಗೆ ಒಮ್ಮೆ ಮಾತ್ರ, ‘ಆವತ್ತು ತಡದಿದ್ರ ಸುದ್ದಿ ಉಳೀತಿತ್ತೇನೋ ಅಕ್ಕಾರ’ ಎಂದಿದ್ದರು. ಉಳಿಯುತ್ತಿತ್ತು ಎಂದೇ ನಾನು ಹೇಳಿದೆ. ಸುಳ್ಳು ಸಮಾಧಾನ ಅವರಿಗೆ ಹಿಡಿಸುತ್ತಿರಲಿಲ್ಲ. ಅವರು ತಲೆಯಾಡಿಸಿ, ಬಸಿಯಲ್ಲಿ ಉಳಿದ ಚಹಾ ಮುಗಿಸಿದರು.

ಎರಡು ವರ್ಷದ ಕೆಳಗೆ, ಬೆಳಗಿನ ಜಾವ, ನಿದ್ದೆಯಲ್ಲಿಯೇ ಹೋದರು. ಮಣ್ಣಿಗೆ ನಾನೂ ಹೋಗಿದ್ದೆ. ಮೂವತ್ತೊಂದು ವರ್ಷ ನಾನು ತಾರನ್ನು ಕೈಗೆ ಕೊಟ್ಟು ಸಹಿ ಪಡೆದರೆ ಕೆಲಸ ಮುಗಿಯಿತು ಎಂದುಕೊಂಡಿದ್ದವಳು. ಅದು ಮುಗಿಯುವುದಿಲ್ಲವೆಂದು ಕಲಿತದ್ದು ಅವರ ಹತ್ತಿರ, ನನ್ನ ಅರವತ್ತೊಂದನೆಯ ವಯಸ್ಸಿನಲ್ಲಿ.

ಆ ಫೆಬ್ರವರಿ ಇಪ್ಪತ್ತೆಂಟರ ಕೊನೆಯ ಕೆಲಸ ಹೀಗೆ ಮುಗಿಯಿತು. ಎಂಟೂ ಮೂವತ್ತೈದಕ್ಕೆ ತೋರಣಗಲ್ಲಿನ ದಾಬಾದಿಂದ ಒಬ್ಬ ಡ್ರೈವರು ಫೋನ್ ಮಾಡಿದ. ‘ಆ ಗಾಡಿ ಬಂದರಿನ ಕ್ಯೂನಾಗ ನಿಂತೈತ್ರಿ ಮೇಡಂ. ನಿನ್ನೆ ನೋಡಿ ಬಂದೀನಿ. ಫೋನ್ ಘಾಟಿನ್ಯಾಗ ಬಿದ್ದು ಹೋಗೈತಿ, ಮನಿ ನಂಬರೂ ಅದರಾಗ ಇತ್ತಂತ. ಆರಾಮ ಅದಾನ.’ ಫೋನ್ ಮಾಡಿದವನ ನಂಬರು ಬರೆದುಕೊಂಡು, ಸಂಪಾದಕರು ನೋಡುತ್ತಿದ್ದಂತೆಯೇ ಕಂಪ್ಲಿಗೆ ಹಚ್ಚಿ ಆ ಹೆಂಗಸಿಗೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ‘ಊಟ ಸರಿ ಮಾಡ್ತಾರಂತೇನ್ರಿ?’ ಎಂದಳು.

ಅದನ್ನು ನಾನು ಕೇಳಿರಲಿಲ್ಲ. ಕೇಳಿಲ್ಲವೆಂದು ಹೇಳಿ ಫೋನ್ ಇಟ್ಟೆ. ಸಂಪಾದಕರು ನಾನು ಬರೆದುಕೊಂಡ ಚೀಟಿಯನ್ನು ನನ್ನ ಕಡೆಗೆ ಸರಿಸಿದರು. ಮತ್ತೆ ಆ ಡ್ರೈವರನಿಗೆ ಹಚ್ಚಿದೆ. ಅವನು ಜೋರಾಗಿ ನಕ್ಕ. ‘ನಿನ್ನೆ ನನ್ ಜೋಡೀನ ಉಂಡಾನ್ರಿ. ಮೀನಿನ ಸಾರು. ಎರಡು ಸಲ ಅನ್ನ ಹಾಕಿಸ್ಕೊಂಡ.’

ಕಂಪ್ಲಿಗೆ ಇನ್ನೊಮ್ಮೆ ಹಚ್ಚಿ, ಎರಡು ಸಲ ಅನ್ನ ಹಾಕಿಸಿಕೊಂಡರಂತೆ ಎಂದು ಹೇಳಿದೆ. ರಿಜಿಸ್ಟರಿನಲ್ಲಿ ಎಂಟು ಗಂಟೆ ಐವತ್ತು ನಿಮಿಷ, ಮುಟ್ಟಿದೆ ಎಂದು ಬರೆದು ಸಹಿ ಹಾಕಿದೆ.