ಹಮೀದಾಕ ಎಳೆಯುತ್ತಿದ್ದ ವಯರು

ಸೊಂಟ ನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವವರನ್ನು ನೀವು ನೋಡಿರಬಹುದು. ನಾನು ಬ್ಲೇಡ್ ಸರ್ವರಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವಳು. ಮೂಡುಬಿದಿರೆಯ ಆಸ್ಪತ್ರೆಯೊಂದರ ಸರ್ವರ್ ಕೋಣೆಯಲ್ಲಿ ನನ್ನ ಕೆಲಸ. ಕೋಣೆಯೆಲ್ಲ ಎ.ಸಿ.ಯ ಚಳಿ, ಆ ಪೆಟ್ಟಿಗೆಯ ಹಿಂದೆ ಮಾತ್ರ ಹದವಾದ ಬಿಸಿ ಗಾಳಿ, ಆಗಷ್ಟೇ ಇಸ್ತ್ರಿ ಹಾಕಿದ ಬಟ್ಟೆಯ ವಾಸನೆ. ಈಚೆಗೊಂದು ದಿನ ಹಾಗೆ ನಿಂತಿದ್ದಾಗ, ಹಿಂದೆ ಜತೆಗೆ ಕೆಲಸ ಮಾಡುತ್ತಿದ್ದ ಹಮೀದಾಕ, ಎಂದರೆ ಹಮೀದ್ ಕಾಕ, ನೆನಪಾದರು. ಅವರು ಇದೇ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತು ವಯರು ಎಳೆಯುತ್ತಿದ್ದರು.

ಪೆಟ್ಟಿಗೆಯ ಸಂಗತಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಆಕಳಿಸಬೇಡಿ. ಅದರೊಳಗೆ ತೆಳ್ಳನೆಯ ಸರ್ವರುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಅವುಗಳ ಮಾತೆಲ್ಲ ಹೊರಗೆ ಹೋಗುವುದು ಹಿಂಬದಿಯ ಎರಡು ಇಂಟರ್‌ಕನೆಕ್ಟುಗಳ, ಎಂದರೆ ವಯರು ಸಿಕ್ಕಿಸುವ ಜೋಡಣೆಗಳ, ಮೂಲಕ: ಎಡಕ್ಕೊಂದು, ಬಲಕ್ಕೊಂದು. ಎಡದ್ದು ಕೆಟ್ಟರೆ ಬಲದ್ದು ನಡೆಸಿಕೊಂಡು ಹೋಗಬೇಕು. ಅದಕ್ಕಾಗಿ ಔಷಧದ ಕೌಂಟರು, ಲ್ಯಾಬು, ಬಿಲ್ಲಿಂಗ್ ಎಂದು ಪ್ರತಿ ವಿಭಾಗದ ನೆಟ್‌ವರ್ಕಿಗೆ ಇರುವ ನಂಬರನ್ನು ಎರಡೂ ಕಡೆ ಒಂದೇ ರೀತಿ ಸೆಟ್ ಮಾಡಬೇಕು. ಒಂದೇ ಕಡೆ ಮಾಡಿ ಮರೆತರೂ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ತಪ್ಪಿದ್ದು ಗೊತ್ತಾಗುವುದು ಎಡದ್ದು ಕೆಟ್ಟ ದಿನ.

ಹಮೀದಾಕ ಬಂಟ್ವಾಳದವರು, ಬಹಳ ವರ್ಷ ಸೌದಿಯ ದಮ್ಮಾಮಿನಲ್ಲಿ ಇದೇ ಕೆಲಸ ಮಾಡಿ ಊರಿಗೆ ಮರಳಿ ನಮ್ಮಲ್ಲಿ ಸೇರಿದವರು. ಎಲ್ಲ ಸರಿಯಾಗಿ ನಡೆಯುತ್ತಿರುವಾಗಲೇ, ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲದ ಬೆಳಗಿನ ಹತ್ತು ಗಂಟೆಗೆ, ಎಡದ ವಯರನ್ನು ಕಿತ್ತು ಬಿಡುವುದು ಅವರ ಕ್ರಮ. ಅದಕ್ಕೆ ಮೊದಲು ವಾರ್ಡು ವಾರ್ಡಿಗೆ ಹೋಗಿ, ಹತ್ತು ಗಂಟೆಗೆ ವಯರು ಎಳೆಯುವುದುಂಟು, ಏನಾದರೂ ನಿಂತರೆ ತಿಳಿಸಿ ಎಂದು ಮದುವೆಗೆ ಕರೆದ ಹಾಗೆ ಹೇಳಿ ಬರುತ್ತಿದ್ದರು. ಸಿಸ್ಟರುಗಳು ಬೈಯುತ್ತಿದ್ದರು. ಮ್ಯಾನೇಜರು, ರಾತ್ರಿ ಮಾಡಬಾರದೇ ಎಂದು ಅಂಗಲಾಚುತ್ತಿದ್ದರು. ರಾತ್ರಿ ಏನು ನಿಂತಿತೆಂದು ಹೇಳಲು ಯಾರಿದ್ದಾರೆ ಎಂಬುದು ಹಮೀದಾಕರ ಉತ್ತರ. ಒಮ್ಮೆ ಔಷಧದ ಕೌಂಟರು ನಿಂತು ಸಾಲು ಗೇಟಿನವರೆಗೆ ಹೋಯಿತು. ಅವರು ವಯರನ್ನು ವಾಪಸು ಸಿಕ್ಕಿಸಿ, ಬಲಗಡೆ ಬಿಟ್ಟುಹೋಗಿದ್ದ ನಂಬರು ಸೇರಿಸಿ, ಮತ್ತೆ ಎಳೆದರು.

ಇಲ್ಲದ ರಗಳೆ ಯಾಕೆ ಎಂದು ಒಮ್ಮೆ ನಾನು ಕೇಳಿದೆ. ದಮ್ಮಾಮಿನಲ್ಲಿ ಆ ಸೆಟ್ಟಿಂಗೆಲ್ಲ ಗೊತ್ತಿದ್ದದ್ದು ಅವರೊಬ್ಬರಿಗೇ ಅಂತೆ. ತಂದೆ ಹಾಸಿಗೆ ಹಿಡಿದಾಗ ರಜೆ ಕೇಳಿದರೆ, ನೀನಿಲ್ಲದೆ ಇಲ್ಲಿ ನಡೆಯುವುದಿಲ್ಲ ಎಂದನಂತೆ ಧಣಿ.

"ಅವ ಹಾಗೆ ಹೇಳಿದ್ದು ಕೇಳಿ ನನಗೆ ಖುಷಿಯಾಯ್ತು ಮಾರಾಯ್ತಿ. ಆ ಖುಷಿಯಲ್ಲಿ ನಾನು ಬರ್ಲಿಲ್ಲ. ಮತ್ತೆ ಬಾಪನ ಮುಖ ನೋಡ್ಲಿಕ್ಕೆ ಸಿಗ್ಲಿಲ್ಲ."

ಅಷ್ಟು ಹೇಳಿ ಅವರು ಕೀಬೋರ್ಡಿನ ಧೂಳು ಒರೆಸತೊಡಗಿದರು. ಒರೆಸುತ್ತಲೇ, ಯಾರು ಇಲ್ಲದಿದ್ದರೂ ನಡೆಯಬೇಕು, ಅದಕ್ಕೇ ಎಳೆಯುವುದು ಎಂದರು.

ಅವರು ನಿವೃತ್ತರಾದ ಮೇಲೆ ವಯರು ಎಳೆಯುವವರು ಇಲ್ಲವಾದರು. ನಡೆಯುತ್ತಿರುವುದನ್ನು ಮುಟ್ಟುವುದೇಕೆ ಎಂದು ನಾನೂ ಸುಮ್ಮನಿದ್ದೆ. ಈ ನಡುವೆ ನನಗೆ ತಿಂಗಳು ತಿಂಗಳು ರಕ್ತ ಹೋಗಿ ಹೋಗಿ, ನನ್ನೂರು ಸಿದ್ಧಕಟ್ಟೆಯಲ್ಲಿ ಬಸ್ಸಿನ ಮೆಟ್ಟಿಲು ಹತ್ತುವುದಕ್ಕೂ ಏದುಸಿರು. ಗರ್ಭಕೋಶ ತೆಗೆಯಲೇಬೇಕು ಎಂದರು ಡಾಕ್ಟರು. ನಾನು ದಿನ ಮುಂದೂಡುತ್ತ ಹೋದೆ. ಹೊಸ ಕಟ್ಟಡದ ಕನೆಕ್ಷನ್ ಆಗಲಿ, ಹೊಸ ವಿಭಾಗದ ಸೆಟ್ಟಿಂಗ್ ಮುಗಿಯಲಿ ಎಂದು ನೆಪ. ಜತೆಗೆ ಕೆಲಸ ಮಾಡುವ, ಬೆಳ್ತಂಗಡಿಯ ಜೆನಿಟಾಳಿಗೆ ಪಾಸ್‌ವರ್ಡ್ ಕೂಡ ಕೊಟ್ಟಿರಲಿಲ್ಲ. ನೀವಿಲ್ಲದೆ ಹೇಗೆ ಎಂಬ ಮ್ಯಾನೇಜರರ ಮಾತು ನನಗೆ ಕಬ್ಬಿಣದ ಮಾತ್ರೆಗಿಂತ ಹೆಚ್ಚು ಶಕ್ತಿ ಕೊಡುತ್ತಿತ್ತು.

ಹಮೀದಾಕ ನೆನಪಾದ ಆ ದಿನ ಬಿಸಿ ಗಾಳಿಗೆ ಬೆನ್ನು ಕೊಟ್ಟು ನಿಂತವಳು ಕಣ್ಣು ಕತ್ತಲಿಟ್ಟು ನೆಲದ ಮೇಲೆ ಕುಸಿದು ಕೂತೆ. ಜೆನಿಟಾ ನೀರು ತಂದಳು. ಯಾಕೋ ಅವಳಿಗೆ ಹಮೀದಾಕರ ಕತೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಪಾಸ್‌ವರ್ಡ್ ಕೊಡಿ ಅಕ್ಕ. ನಾಳೆ ನಾನು ಎಳೀತೇನೆ. ನೀವು ಕೈ ಹಾಕ್ಬೇಡಿ."

ಮರುದಿನ ಅವಳೇ ಎಲ್ಲ ವಿಭಾಗಕ್ಕೂ ಹೇಳಿ ಬಂದು ಹತ್ತು ಗಂಟೆಗೆ ವಯರು ಎಳೆದಳು. ಕೂಡಲೇ ರಕ್ತನಿಧಿಯಿಂದ ಫೋನು, ಪರದೆಯಲ್ಲಿ ಏನೂ ಇಲ್ಲವೆಂದು. ರಕ್ತನಿಧಿಯ ನಂಬರನ್ನು ಸೇರಿಸಿದವಳು ನಾನೇ. ಎಡಗಡೆ ಮಾತ್ರ ಸೇರಿಸಿದ್ದೆ. ಆಪರೇಷನ್ನಿಗೆ ನನಗೆ ರಕ್ತ ಕೊಡಬೇಕಾದವರೂ ಅವರೇ. ಕೀಬೋರ್ಡಿಗೆ ಕೈ ಚಾಚಿದರೆ ಜೆನಿಟಾ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ವಯರು ಸಿಕ್ಕಿಸಿ, ಬಲಗಡೆ ನಂಬರು ಸೇರಿಸಿ, ಸೇವ್ ಮಾಡಿ, ಪುನಃ ಎಳೆದಳು. ಫೋನು ಬರಲಿಲ್ಲ. ಸಂಜೆ ನಾನು ಡಾಕ್ಟರರ ಹತ್ತಿರ ಹೋಗಿ ದಿನ ಗೊತ್ತು ಮಾಡಿಕೊಂಡು ಬಂದೆ.

ಇದನ್ನು ಬರೆಯುತ್ತಿರುವುದು ವಾರ್ಡಿನ ಹಾಸಿಗೆಯಲ್ಲಿ. ಆಪರೇಷನ್ ಮುಗಿದಿದೆ. ಇವತ್ತು ಬೆಳಿಗ್ಗೆ ಬಿ.ಪಿ. ನೋಡಲು ಬಂದ ಸಿಸ್ಟರು, ಹತ್ತು ಗಂಟೆಗೆ ನಿಮ್ಮ ಜೆನಿಟಾಳದ್ದು ಮತ್ತೆ ಶುರು ಎಂದು ಗೊಣಗಿ ಹೋದರು. ಹತ್ತು ಕಳೆಯಿತು, ಹತ್ತೂವರೆಯೂ ಕಳೆಯಿತು. ಹೊರಗೆ ಔಷಧದ ಕೌಂಟರಿನವರು ಎಂದಿನಂತೆ ಹೆಸರು ಕರೆಯುತ್ತಲೇ ಇದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಒಂದು ಗಳಿಗೆ ಹೊಟ್ಟೆಕಿಚ್ಚಾಯಿತೆಂದರೆ ನಗಬೇಡಿ. ಆಮೇಲೆ ಅಳು ಬಂತು, ಹೊಲಿಗೆ ನೋಯುತ್ತದೆಂದು ಮೆಲ್ಲಗೆ ಅತ್ತೆ. ಎಷ್ಟೋ ವರ್ಷಗಳಿಂದ ಫೋನಿಗೆ ಒಂದು ಕಿವಿ ಕೊಟ್ಟುಕೊಂಡೇ ಮಲಗಿದವಳು ನಾನು. ಇವತ್ತು ಸಿಸ್ಟರು ಊಟಕ್ಕೆ ಎಬ್ಬಿಸಿದಾಗ, ಎಲ್ಲಿದ್ದೇನೆ ಎಂದೇ ತಿಳಿಯದಷ್ಟು ನಿದ್ದೆ ಮಾಡಿದ್ದೆ.