ಮಾತು ಹಿಡಿದಿಡುವ ಫೋನು

ನಾನು ಹಿರೇಕೆರೂರು ತಾಲ್ಲೂಕಿನಲ್ಲಿ ಪಶು ಪರಿವೀಕ್ಷಕ. ಮಾಸೂರಿನ ಒಂದು ಕೊಟ್ಟಿಗೆಯಲ್ಲಿ ನನ್ನ ಹಳೆಯ ಫೋನು ಎಮ್ಮೆಯ ಕಾಲಡಿ ಸಿಕ್ಕು ಚೂರಾಯಿತು. ಹೊಸದು ಕೊಳ್ಳಲು ಹೋದಾಗ ಅಂಗಡಿಯವನಿಗೆ ಎಲ್ಲ ಹೇಳಿದೆ. ಕೆಲಸಕ್ಕೊಂದು, ಮನೆಗೊಂದು ಎಂದು ಎರಡು ಸಿಮ್ ಹಿಡಿಸಬೇಕು, ಬಿಸಿಲಲ್ಲೂ ಪರದೆ ಕಾಣಬೇಕು, ಬೈಕ್ ಮೇಲಿರುವಾಗ ರೈತರು ಹೇಳಿದ ರೋಗಲಕ್ಷಣ ಆಮೇಲೆ ನೆನಪಿರುವುದಿಲ್ಲ ಎಂದೂ ಹೇಳಿದೆ.

"ಇದ್ರಾಗ ಕಾಲ್ ಎಲ್ಲಾ ತಾನ ರೆಕಾರ್ಡ್ ಆಕ್ಕಾವ್ರಿ ಸರ್. ಬೇಕಾದಾಗ ಕೇಳ್ರಿ," ಎಂದು ಅವನೊಂದು ಫೋನು ಮುಂದಿಟ್ಟ. ಅದನ್ನೇ ಕೊಂಡೆ.

ಅದನ್ನು ಕೊಂಡು ನಾಲ್ಕು ತಿಂಗಳಾಗಿರಬೇಕು. ಹತ್ತಿಮತ್ತೂರಿನ ನನ್ನ ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿದೆಯೆಂದು ಸವಣೂರಿನ ಬಸ್ ನಿಲ್ದಾಣದಲ್ಲಿ ಅವಳ ನೆರೆಮನೆಯವರು ಹೇಳಿದರು. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಅಲ್ಲಿಂದಲೇ ಫೋನು ಮಾಡಿದೆ.

"ನನಗ ಒಂದು ಮಾತು ಹೇಳಬೇಕು ಅನಸಲಿಲ್ಲೇನು?"

"ಹೇಳಿದ್ನಲ್ಲೋ ತಮ್ಮಾ."

"ಇಲ್ಲ, ನೀ ಹೇಳೇ ಇಲ್ಲ."

ಅವಳು ಫೋನು ಇಟ್ಟಳು. ಸಿಟ್ಟಿನಲ್ಲಿ ಒಂದು ತಿಂಗಳು ನಾನು ಮಾತು ಬಿಟ್ಟೆ.

ಒಂದು ಮಧ್ಯಾಹ್ನ ರೆಕಾರ್ಡ್ ಆದ ಕರೆಗಳಲ್ಲಿ ಯಾವುದೋ ರೈತರದ್ದನ್ನು ಹುಡುಕುವಾಗ ಬೆರಳು ತಪ್ಪಿ ಅಕ್ಕನ ಹಳೆಯ ಕರೆಗೆ ತಾಗಿತು.

"ತಮ್ಮಾ, ಬರೂ ಮಂಗಳವಾರ ಹುಬ್ಬಳ್ಳ್ಯಾಗ ಕಣ್ಣಿನ ಆಪರೇಷನ್ ಐತಿ. ನೀ ಬಂದ್ರ ನನಗ ಧೈರ್ಯ."

"ಹೂಂ, ಹೂಂ. ಆತು, ನೋಡೋಣು. ಕೆಲಸದಾಗ ಅದೇನಿ, ಇಡು."

ನನ್ನದೇ ದನಿ. ಮತ್ತೆ ಹಾಕಿ ಕೇಳಿದೆ. ಅಂದು ಆ ಕರೆ ಮುಗಿದು ಎರಡೇ ನಿಮಿಷಕ್ಕೆ ರೈತರೊಬ್ಬರ ಕರೆ ಬಂದಿತ್ತು. ಅದರಲ್ಲಿ, "ಗಾಬರಿ ಆಗಬ್ಯಾಡ್ರಿ ಯಜಮಾನ್ರ, ಆಕಳು ಮೇವು ತಿಂತೇತೇನು?" ಎಂದು ಮೆತ್ತಗೆ ವಿಚಾರಿಸುತ್ತಿದ್ದವನೂ ನಾನೇ.

ಅರ್ಧ ದಿನ ರಜೆ ಹಾಕಿ ಹತ್ತಿಮತ್ತೂರಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು.

"ನೀ ಹೇಳಿದ್ದಿ ಅಕ್ಕಾ. ನಾನ ಕಿವಿ ಕೊಡಲಿಲ್ಲ," ಎಂದೆ.

ಅವಳ ಕೈ ನಿಂತಿತು. "ಹೇಳಿದ್ನ ಹಂಗಾರ? ನೀ ಅಷ್ಟು ಖಾತ್ರಿಲೆ ಇಲ್ಲ ಅಂದಿ. ನನಗ ಮರವು ಹತ್ತಾಕತ್ತೇತಿ ಅಂತ ತಿಳಕೊಂಡಿದ್ದೆ. ಬರೂ ವಾರ ಡಾಕ್ಟರ್‌ಗೆ ತೋರಿಸಬೇಕು ಅಂತನೂ ಮಾಡಿದ್ದೆ."

ಆಪರೇಷನ್ನಿಗೆ ಹೋಗದೆ ಉಳಿದದ್ದಷ್ಟೇ ನನ್ನ ತಪ್ಪು ಎಂದುಕೊಂಡು ಬಂದಿದ್ದೆ. ನನ್ನೊಂದು ಮಾತಿಗೆ ಅವಳು ಇಡೀ ತಿಂಗಳು ತನ್ನ ತಲೆಯನ್ನೇ ನಂಬದೆ ಇದ್ದಳು.

"ಊಟ ಆಗೇತೇನು?" ಎಂದು ಕೇಳಿ ಅಕ್ಕ ಒಳಗೆ ಹೋದಳು. ನಾನು ಅಲ್ಲೇ ಕುಳಿತಿದ್ದೆ.