ಕಪ್ಪು ಪರದೆಯ ಹಿಂದಿನ ತಂಬೂರಿ

ಪರದೆ ಪೂರ್ತಿ ಕಪ್ಪಾದದ್ದು ನವನಗರದ ಭಜನೆಯಲ್ಲಿ, ನಾನಿನ್ನೇನು ಹಾಡಲು ಬಾಯಿ ತೆರೆಯಬೇಕು ಅನ್ನುವಾಗ. ಹಾಡಿನ ಅಕ್ಷರವಿಲ್ಲ, ತಂಬೂರಿಯ ಚಿತ್ರವಿಲ್ಲ. ತಂಬೂರಿಯ ದನಿ ಮಾತ್ರ ಬರುತ್ತಲೇ ಇತ್ತು. ಎಲ್ಲಿಂದ ಬರುತ್ತಿದೆ ಎಂದು ಕೈಯಲ್ಲಿದ್ದದ್ದನ್ನು ತಿರುವಿ ಹಿಂಬದಿಯನ್ನೂ ನೋಡಿದೆ.

ಅದು ನನ್ನ ನಾದಿನಿ ಕೊಟ್ಟ ಅಂಗೈಯಗಲದ ಕಂಪ್ಯೂಟರ್. ಅವಳು ಧಾರವಾಡದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಹೊಸದು ಕೊಂಡಾಗ ಹಳೆಯದು ಗೋಪನಕೊಪ್ಪದ ನಮ್ಮ ಮನೆಗೆ ಬಂತು. ನನಗಿದ್ದದ್ದು ಒಂದೇ ಆಸೆ. ನಮ್ಮ ಮಂಡಳಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವರ ಶ್ರುತಿ ಬಲು ಎತ್ತರ, ನನ್ನ ದನಿ ಅಲ್ಲಿಗೆ ಮುಟ್ಟುವುದಿಲ್ಲ. ದೇವರ ಮುಂದೆ ಕುಳಿತು ವರ್ಷಗಟ್ಟಲೆ ಬರೀ ತುಟಿ ಅಲ್ಲಾಡಿಸಿದವಳು ನಾನು. ಒಮ್ಮೆಯಾದರೂ ನನ್ನ ಶ್ರುತಿಯಲ್ಲಿ ಬಾಯಿತುಂಬ ಹಾಡಬೇಕಿತ್ತು. ಈ ಏಕಾದಶಿಗೆ ಮೊದಲ ಹಾಡು ನನಗೇ ಬಂದಿತ್ತು.

ನಾದಿನಿ ಅದರೊಳಗೆ ನನ್ನ ಶ್ರುತಿಯ ತಂಬೂರಿ ಹಾಕಿಕೊಟ್ಟಳು, ಹಾಡನ್ನೂ ಬರೆದಿಟ್ಟಳು. ಆದರೆ ಸಣ್ಣ ಪರದೆಯಲ್ಲಿ ಎರಡರ ಚೌಕಗಳು, ನಾದಿನಿ ಕಿಟಕಿ ಎನ್ನುವವು, ಒಂದರ ಮೇಲೊಂದು ಬಿದ್ದವು. ತಂಬೂರಿಯ ಕಿಟಕಿ ಪರದೆಗಿಂತ ಉದ್ದವಾಗಿ, ಅದನ್ನು ನಿಲ್ಲಿಸುವ ಗುಂಡಿ ಅಂಚಿನಾಚೆ ಎಲ್ಲೋ ಉಳಿಯಿತು. ತಾಲೀಮಿನ ದಿನ ನಿಲ್ಲಿಸಲಾಗದೆ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ಮಂಡಳಿಯ ಹಿರಿಯ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ಬಿಟ್ಟಾರೆಯೇ?

"ಏನ್ರಿ, ಸೆರಗಿನಾಗ ದುಂಬಿ ಕಟ್ಕೊಂಡು ಬಂದೀರೇನು?"

ನಾದಿನಿಗೆ ಹೇಳಿದೆ. ಅವಳು ನಕ್ಕಳು.

"ವೈನಿ, ಯಾವ ಕಿಟಕಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಅಂತ ನೋಡ್ಕೊಳ್ಳೋ ಪ್ರೋಗ್ರಾಮ್ ಒಂದಿರ್ತದ. ವಿಂಡೋ ಮ್ಯಾನೇಜರ್ ಅಂತಾರ. ಈಗಿರೋದು ದೊಡ್ಡ ಪರದೆಗೆ ಛಲೋ. ಬ್ಯಾರೇವು ಹಾಕ್ತೀನಿ, ನೀವ ಆರಿಸ್ರಿ."

ಎರಡನೆಯದು ಪರದೆಯನ್ನು ಪಾಲು ಮಾಡಿತು: ಅರ್ಧ ತಂಬೂರಿಗೆ, ಅರ್ಧ ಹಾಡಿಗೆ. ಹಾಡಿನ ಸಾಲುಗಳು ನಡುವೆಯೇ ಮುರಿದವು. ಮೂರನೆಯದು ಒಂದು ಸಲಕ್ಕೆ ಒಂದೇ ಕಿಟಕಿಯನ್ನು ಪರದೆತುಂಬ ತೋರಿಸಿತು. ಕೀಲಿಮಣೆಯ ಅಂಕಿಗಳಲ್ಲಿ ಒಂದನ್ನು ಒತ್ತಿದರೆ ತಂಬೂರಿ, ಎರಡನ್ನು ಒತ್ತಿದರೆ ಹಾಡು. ಕನ್ನಡಕವಿಲ್ಲದೆಯೂ ಅಕ್ಷರ ಕಂಡವು.

"ಇದ ಇರಲಿ," ಎಂದೆ.

ಹಾಗೆ ನಾನೇ ಆರಿಸಿದ್ದು ಏಕಾದಶಿಯ ಸಂಜೆ ಕತ್ತಲಾಗಿ ಕೂತಿತ್ತು. ಇನ್ನೇನಾದರೂ ಒತ್ತಿದರೆ ಇದ್ದ ದನಿಯೂ ಹೋದೀತೆಂಬ ಭಯ.

"ಯಾಕ, ಹಾಡ್ರಿ," ಎಂದರು ಕಾಕು, ಬಾಗಿಲ ಬದಿಯ ತಮ್ಮ ಜಾಗದಿಂದ.

"ಕಾಕು, ಹಾಡ ಹೋತ್ರಿ!"

"ಎಲ್ಲಿ ಹೋಗ್ತದ? ಶುರು ಮಾಡ್ರಿ. ಮರತ್ರ ನಾ ಹೇಳ್ತೀನಿ."

ಕಣ್ಣು ಮುಚ್ಚಿ ಶುರು ಮಾಡಿದೆ. ಎರಡನೆಯ ನುಡಿಗೇ ಮರೆತೆ. ಕಾಕು ಸಾಲು ಹೇಳಿಕೊಟ್ಟರು, ಮುಂದಿನದನ್ನೂ ಹೇಳಿದರು, ಅದರ ಮುಂದಿನದನ್ನು ಹೇಳಲಿಲ್ಲ, ಹಾಡಿದರು. ನಾನು ಹಾಡುವುದನ್ನು ಬಿಟ್ಟು ಅವರತ್ತ ತಿರುಗಿದೆ. ಅವರು ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕೇಳುವುದೂ ಸೇವೆಯೇ ಎನ್ನುತ್ತ ಸುಮ್ಮನೆ ಕೂಡುತ್ತಿದ್ದವರು. ವಯಸ್ಸಿಗೆ ಅವರ ದನಿ ಇಳಿದಿದೆ, ಆ ಎತ್ತರಕ್ಕೆ ಅವರೂ ಮುಟ್ಟುತ್ತಿರಲಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ನನಗೊಬ್ಬಳಿಗೇ ಆ ಕಷ್ಟ ಅಂದುಕೊಂಡಿದ್ದೆ. ಉಳಿದದ್ದನ್ನು ಇಬ್ಬರೂ ಕೂಡಿ ಮುಗಿಸಿದೆವು.

"ಇನ್ನ ಅದನ್ನ ಬಂದ್ ಮಾಡ್ರಿ," ಎಂದರು ಪೇಟಿಯವರು. "ನನ್ನ ಹಾಡಿಗೆ ಇದು ಹೊಂದೂದಿಲ್ಲ."

"ಬಂದ್ ಮಾಡ್ಲಿಕ್ಕೆ ಏನೂ ಕಾಣವಲ್ತರಿ!"

"ಇರಲಿ ಬಿಡ್ರಿ," ಎಂದರು ಕಾಕು. "ದಿನಾ ನಮ್ಮನ್ನ ಅಟ್ಟ ಹತ್ತಿಸ್ತೀರಿ. ಇವತ್ತೊಂದಿನ ನೀವ ಕೆಳಗ ಇಳೀರಿ."

ಪೇಟಿಯವರೂ ನಕ್ಕು ಇಳಿದರು. ಮಂಗಳಾರತಿಯವರೆಗೂ ಎಲ್ಲ ಹಾಡುಗಳೂ ನನ್ನ ಶ್ರುತಿಯಲ್ಲೇ ನಡೆದವು. ದೇವರು ದೊಡ್ಡವನು, ಬ್ಯಾಟರಿಯೂ ಕೈಕೊಡಲಿಲ್ಲ.

ನಾದಿನಿ ಮನೆಗೆ ಬಂದವಳೇ ಅದನ್ನು ಕೈಗೆತ್ತಿಕೊಂಡಳು.

"ಎರಡರ ಬದಲಿ ಮೂರು ಒತ್ತೀರಿ ವೈನಿ. ಮೂರರಾಗ ನಾ ಏನೂ ಇಟ್ಟಿಲ್ಲ. ಖಾಲಿ ಕೋಣಿಯೊಳಗ ಹೋಗಿ ನಿಂತಿದ್ರಿ, ಅಷ್ಟ."

ಅವಳು ಎರಡನ್ನು ಒತ್ತಿದಳು. ಹಾಡು ಇದ್ದಲ್ಲೇ ಇತ್ತು, ಒಂದಕ್ಷರವೂ ಕಳೆದಿರಲಿಲ್ಲ. ನಾನು ಮತ್ತೊಮ್ಮೆ ದಂಗಾದೆ.

"ಹೆದರಿಕಿ ಆಗ್ತಿದ್ರ ಹಳೇದ ಹಾಕ್ಲೇನು?"

"ಮುಟ್ಟಬ್ಯಾಡ," ಎಂದೆ.

ಮುಂದಿನ ಭಜನೆಗೆ ಕಾಕು ಬಾಗಿಲ ಬದಿಯ ಜಾಗ ಬಿಟ್ಟು ನನ್ನ ಪಕ್ಕ ಬಂದು ಕುಳಿತರು. ನನ್ನ ಸೆರಗಿನ ಕಡೆ ನೋಡಿ ಕೇಳಿದರು:

"ದುಂಬಿ ತಂದೀರಿಲ್ಲೋ?"